ತ್ರೀಡಿ ಪ್ರಿಂಟ್ ಇಂಪ್ಲಾಂಟ್‌ಗೆ ಪಾಲಿಮರ್ ಲೇಪನ: ಮೊದಲು ಪುಡಿ, ಆಮೇಲೆ ದ್ರವ, ಕೊನೆಗೆ ಪಾಲಿಮರ್

ಲೋಹದ ಇಂಪ್ಲಾಂಟ್‌ಗೆ ಪಾಲಿಮರ್ ಲೇಪಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ‘ಯಾವ ಪಾಲಿಮರ್?’ ಎಂದು. ಇಂಪ್ಲಾಂಟ್ ತ್ರೀಡಿ ಪ್ರಿಂಟ್ ಆಗಿದ್ದರೆ ಆ ಪ್ರಶ್ನೆ ಕೊನೆಗೆ ಬರಬೇಕು. ಲೇಪನ ನಿಲ್ಲುತ್ತದೋ ಸುಲಿದು ಬರುತ್ತದೋ ಎಂಬುದು ಬಹುಮಟ್ಟಿಗೆ ಎರಡು ಸಂಗತಿಗಳ ಮೇಲೆ ನಿಂತಿದೆ. ಪ್ರಿಂಟ್ ಆದಮೇಲೆ ಲೋಹದ ಮೈಗೆ ಅಂಟಿಕೊಂಡೇ ಉಳಿಯುವ ಪುಡಿ ಒಂದು. ಅರ್ಧ ಮಿಲಿಮೀಟರ್ ರಂಧ್ರದೊಳಗೆ ದ್ರವ ನಡೆದುಕೊಳ್ಳುವ ರೀತಿ ಇನ್ನೊಂದು. ಇವೆರಡನ್ನು ಬಿಟ್ಟು ಪಾಲಿಮರ್ ಬದಲಾಯಿಸುತ್ತಾ ಹೋದರೆ ಫಲಿತಾಂಶ ಪ್ರತಿಸಲ ಬೇರೆಯಾಗುತ್ತದೆಯೇ ಹೊರತು ಸುಧಾರಿಸುವುದಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಹೆಚ್ಚು ಬಳಕೆಯಲ್ಲಿರುವ ಜೋಡಿಯನ್ನೇ: ಲೇಸರ್ ಪೌಡರ್ ಬೆಡ್ ವಿಧಾನದಲ್ಲಿ (ಹರಡಿದ ಲೋಹದ ಪುಡಿಯನ್ನು ಲೇಸರ್‌ನಿಂದ ಪದರ ಪದರವಾಗಿ ಕರಗಿಸಿ) ಪ್ರಿಂಟ್ ಮಾಡಿದ ಟೈಟಾನಿಯಂ ಮಿಶ್ರಲೋಹ (6 ಶೇಕಡಾ ಅಲ್ಯೂಮಿನಿಯಂ, 4 ಶೇಕಡಾ ವನೇಡಿಯಂ ಇರುವ, ಆಕ್ಸಿಜನ್‌ನಂಥ ಕಲ್ಮಶ ಕಡಿಮೆಯಿರುವ ಇಎಲ್‌ಐ ದರ್ಜೆ), ಅದರ ಮೇಲೆ ಔಷಧ ಬಿಡುಗಡೆ ಮಾಡುವ ಪಿಎಲ್‌ಜಿಎ ಅಥವಾ ಪಿಡಿಎಲ್‌ಎಲ್‌ಎ ಪದರ (ಎರಡೂ ದೇಹದೊಳಗೆ ನಿಧಾನಕ್ಕೆ ಕರಗುವ ಪಾಲಿಮರ್‌ಗಳು). ಲೆಕ್ಕಕ್ಕೆ ಅನುಕೂಲವಾಗಲೆಂದು ಕೊನೆಯವರೆಗೂ ಒಂದೇ ತುಂಡನ್ನು ಇಟ್ಟುಕೊಳ್ಳೋಣ: 10 ಮಿ.ಮೀ. ಘನಾಕಾರದ ಜಾಲರಿ, 65 ಶೇಕಡಾ ಟೊಳ್ಳು, ಕಡ್ಡಿಗಳ ದಪ್ಪ 0.4 ಮಿ.ಮೀ., ರಂಧ್ರಗಳ ಅಗಲ ಸುಮಾರು 0.5 ಮಿ.ಮೀ. ಇದರ ತೂಕ ಸುಮಾರು 1.55 ಗ್ರಾಂ, ರಂಧ್ರಗಳ ಒಟ್ಟು ಪರಿಮಾಣ 0.65 ಮಿ.ಲೀ. ಕಡ್ಡಿಗಳನ್ನು ನುಣುಪಾದ ಸಿಲಿಂಡರ್‌ಗಳೆಂದುಕೊಂಡರೆ ಮೇಲ್ಮೈ ವಿಸ್ತೀರ್ಣ 35 ಚದರ ಸೆಂ.ಮೀ. ಅದೇ ಅಳತೆಯ ಗಟ್ಟಿ ಘನದ್ದು ಬರೀ 6 ಚದರ ಸೆಂ.ಮೀ.

ಜಾಲರಿ ಬೇಕಾಗುವುದೇಕೆ ಎಂಬುದನ್ನು ಬೇಗ ಹೇಳಿ ಮುಗಿಸಬಹುದು. ಗಟ್ಟಿ ಟೈಟಾನಿಯಂನ ಸ್ಥಿತಿಸ್ಥಾಪಕ ಗುಣಾಂಕ ಸುಮಾರು 110 ಗಿಗಾಪಾಸ್ಕಲ್, ಹೊರಪದರದ ಗಟ್ಟಿಮೂಳೆಯದು 10ರಿಂದ 30ರ ನಡುವೆ. ಲೋಹವೇ ಭಾರವನ್ನೆಲ್ಲ ಹೊತ್ತರೆ ಪಕ್ಕದ ಮೂಳೆ ಸವೆಯುತ್ತದೆ. ಜಾಲರಿ ಮಾಡಿದರೆ ಬಿಗುವು ತಗ್ಗುತ್ತದೆ, 300ರಿಂದ 600 ಮೈಕ್ರಾನ್ ರಂಧ್ರಗಳೊಳಗೆ ಮೂಳೆಯೂ ಬೆಳೆಯುತ್ತದೆ. ಆದರೆ ಮೂಳೆಗೆ ಸಿಕ್ಕ ಆ 35 ಚದರ ಸೆಂ.ಮೀ. ಜಾಗ ಬ್ಯಾಕ್ಟೀರಿಯಾಗಳಿಗೂ ಸಿಗುತ್ತದೆ. ಪಾಲಿಮರ್‌ನೊಳಗೆ ಆ್ಯಂಟಿಬಯಾಟಿಕ್ ಸೇರಿಸಿ ಲೇಪಿಸುವ ಆಸೆ ಹುಟ್ಟುವುದು ಇಲ್ಲಿಂದಲೇ. ಜೆಂಟಾಮೈಸಿನ್ ಬೆರೆಸಿದ ಪಿಡಿಎಲ್‌ಎಲ್‌ಎ ಲೇಪನದ, ಮೊಣಕಾಲಿನ ಕೆಳಗಿನ ಉದ್ದ ಮೂಳೆಯ (ಟಿಬಿಯಾ) ರಾಡ್‌ಗಳು ಯುರೋಪಿನಲ್ಲಿ ಬಳಕೆಗೆ ಬಂದು ವರ್ಷಗಳೇ ಆಗಿವೆ. ಆದರೆ ಅವು ಗಟ್ಟಿ, ನುಣುಪು ರಾಡ್‌ಗಳು. ಅವುಗಳ ವಿಧಾನವನ್ನು ಹಾಗೇ ಎತ್ತಿ ಜಾಲರಿಗೆ ಹಾಕಿದರೆ ಕೆಲಸ ಆಗುವುದಿಲ್ಲ.

ಪುಡಿ ಬಿಡಿಸದೆ ಮುಂದೆ ಹೋಗಬೇಡಿ

ಲೇಸರ್ ಯಂತ್ರಕ್ಕೆ ಹಾಕುವ ಪುಡಿಯ ಕಣಗಳು ಸಾಮಾನ್ಯವಾಗಿ 15ರಿಂದ 45 ಮೈಕ್ರಾನ್. ಕರಗಿದ ಲೋಹದ ಅಂಚಿಗೆ ತಾಗಿದ ಕಣಗಳು ಅರ್ಧ ಬೆಸೆದು ಅಲ್ಲೇ ನಿಲ್ಲುತ್ತವೆ. ಕಡ್ಡಿಗಳ ಕೆಳಮುಖದಲ್ಲಿ ಇವು ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಕರಗಿದ ಲೋಹಕ್ಕೆ ಆಧಾರವಾಗಿ ಕೆಳಗಿರುವುದು ಸಡಿಲ ಪುಡಿಯೇ. ಎಲೆಕ್ಟ್ರಾನ್ ಕಿರಣದ ಯಂತ್ರಗಳಲ್ಲಿ ಪುಡಿ ಇನ್ನೂ ದಪ್ಪ (45ರಿಂದ 106 ಮೈಕ್ರಾನ್), ಮೈಯೂ ಅಷ್ಟೇ ಒರಟು.

ಸೂಕ್ಷ್ಮದರ್ಶಕದಲ್ಲಿ ಒಂದೇ ಒಂದು ಕಣವನ್ನು ನೋಡಿ. 30 ಮೈಕ್ರಾನ್ ಗುಂಡು, ಕಡ್ಡಿಗೆ ಅಂಟಿರುವುದು ಕೆಲವೇ ಮೈಕ್ರಾನ್ ಅಗಲದ ಕುತ್ತಿಗೆಯಿಂದ. ಅದರ ಮೇಲೆ ನೀವು ಹಾಕಲಿರುವ ಪದರ 3ರಿಂದ 10 ಮೈಕ್ರಾನ್, ಅಂದರೆ ಗುಂಡಿಗಿಂತ ತೆಳು. ಪದರ ಒಣಗುತ್ತಾ ಕುಗ್ಗುವಾಗ ಗುಂಡನ್ನು ಎಳೆಯುತ್ತದೆ. ಮೂಳೆಯೊಳಗೆ ಇಂಪ್ಲಾಂಟ್ ಬಡಿದು ಕೂರಿಸುವಾಗ ಕುತ್ತಿಗೆ ಮುರಿದು, ಗುಂಡು ತನ್ನ ಸುತ್ತಲಿನ ಲೇಪನವನ್ನೂ ಕಿತ್ತುಕೊಂಡು ಹೊರಡುತ್ತದೆ. ವರದಿಯಲ್ಲಿ ‘ಲೇಪನದ ಅಂಟು ಸಾಲದು’ ಎಂದು ದಾಖಲಾಗುತ್ತದೆ. ಅಂಟು ಸರಿಯಾಗಿಯೇ ಇತ್ತು, ಅಂಟಿದ್ದು ಮಾತ್ರ ಸಡಿಲ ಕಣಕ್ಕೆ.

ಹಾಗಾಗಿ ಕ್ರಮ ಮುಖ್ಯ. ಯಂತ್ರದಿಂದ ತೆಗೆದ ತಕ್ಷಣ, ಬಿಸಿ ಮಾಡುವ ಯಾವ ಹಂತಕ್ಕೂ ಮುಂಚೆ, ಸಡಿಲ ಪುಡಿಯನ್ನು ಕಂಪನ ಮತ್ತು ಒಣ ಆರ್ಗಾನ್ ಊದುವಿಕೆಯಿಂದ ಹೊರಹಾಕಬೇಕು. 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಒತ್ತಡ ನಿವಾರಣೆಗೆ ಇಟ್ಟರೆ, ಅಥವಾ 920 ಡಿಗ್ರಿ ಮತ್ತು 100 ಮೆಗಾಪಾಸ್ಕಲ್‌ನಲ್ಲಿ ಎರಡು ಗಂಟೆ ಹಿಪ್ (ಬಿಸಿ ಅನಿಲದಿಂದ ಎಲ್ಲ ಕಡೆಯಿಂದಲೂ ಒತ್ತುವ ಸಂಸ್ಕಾರ) ಮಾಡಿದರೆ, ಒಳಗುಳಿದ ಪುಡಿ ಬೆಸೆದು ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಆಮ್ಲದಿಂದಲೂ ಪೂರ್ತಿ ತೆಗೆಯಲಾಗದು. ಶಾಖ ಸಂಸ್ಕಾರ ಮುಗಿದು, ಪ್ರಿಂಟ್ ಆದ ತಳತಟ್ಟೆಯಿಂದ ಕತ್ತರಿಸಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ 15 ನಿಮಿಷ, ಶುದ್ಧ ನೀರಿನಲ್ಲಿ 15 ನಿಮಿಷ ಅಲ್ಟ್ರಾಸಾನಿಕ್. ಪ್ರತಿ ಸಲ ಹೊಸ ದ್ರವ, ಪ್ರತಿ ಸಲ ತುಂಡನ್ನು ತಿರುಗಿಸಿ ಇಡಬೇಕು. ಎಷ್ಟು ಸಲ ಎಂಬುದಕ್ಕೆ ಗಡಿಯಾರ ನೋಡಬೇಡಿ, ತೊಳೆದ ನೀರನ್ನು 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ ಸೂಕ್ಷ್ಮದರ್ಶಕದಡಿ ನೋಡಿ. ಗುಂಡು ಕಣಗಳು ಕಾಣುವುದು ನಿಲ್ಲುವವರೆಗೂ ತೊಳೆಯಿರಿ.

ಅರ್ಧ ಬೆಸೆದ ಕಣಗಳು ಇದಕ್ಕೆ ಜಗ್ಗುವುದಿಲ್ಲ. ಅವುಗಳಿಗೆ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲದ ಮಿಶ್ರಣವೇ ಬೇಕು. 2 ಶೇಕಡಾ ಹೈಡ್ರೋಫ್ಲೋರಿಕ್‌ಗೆ 20 ಶೇಕಡಾ ನೈಟ್ರಿಕ್ ಒಳ್ಳೆಯ ಆರಂಭ. ಒಂದಕ್ಕೆ ಹತ್ತು ಎಂಬ ಈ ಅನುಪಾತಕ್ಕೆ ಕಾರಣವಿದೆ: ನೈಟ್ರಿಕ್ ಕಡಿಮೆಯಾದರೆ ಟೈಟಾನಿಯಂ ಹೈಡ್ರೋಜನ್ ಹೀರಿಕೊಂಡು ಪೆಡಸಾಗುತ್ತದೆ. ಸಮಯವನ್ನು ಪುಸ್ತಕದಿಂದ ಎತ್ತಿಕೊಳ್ಳುವಂತಿಲ್ಲ. ಅದೇ ಬಿಲ್ಡ್‌ನ (ಒಂದೇ ಸಲ ಒಟ್ಟಿಗೆ ಪ್ರಿಂಟ್ ಆದ ಗುಂಪಿನ) ಹೆಚ್ಚುವರಿ ತುಂಡನ್ನು ಅದ್ದಿ, ಪ್ರತಿ 30 ಸೆಕೆಂಡಿಗೆ ತೆಗೆದು, ತೊಳೆದು, ಒಣಗಿಸಿ ತೂಗಿ. ನಮ್ಮ ಘನದಲ್ಲಿ ಪ್ರತಿ ಬದಿಯಿಂದ 10 ಮೈಕ್ರಾನ್ ಹೋದರೆ ತೂಕ ಸುಮಾರು 155 ಮಿ.ಗ್ರಾಂ ಇಳಿಯುತ್ತದೆ, ಹತ್ತಿರ ಹತ್ತಿರ 10 ಶೇಕಡಾ. ಕಡ್ಡಿ 400ರಿಂದ 380 ಮೈಕ್ರಾನ್‌ಗೆ ಬಂದಾಗ ಅಡ್ಡಕೊಯ್ತದ ವಿಸ್ತೀರ್ಣವೂ 10 ಶೇಕಡಾ ತಗ್ಗುತ್ತದೆ. ಆದರೆ ಬಾಗುವಿಕೆಗೆ ತೋರುವ ಬಿಗುವು ವ್ಯಾಸದ ನಾಲ್ಕನೇ ಘಾತವನ್ನು ಅವಲಂಬಿಸುವುದರಿಂದ ಅದು 19 ಶೇಕಡಾ ಕುಸಿಯುತ್ತದೆ. ಇದನ್ನು ವಿನ್ಯಾಸ ಮಾಡುವವರಿಗೆ ಮುಂಚೆಯೇ ತಿಳಿಸಿ, ಕಡ್ಡಿಯನ್ನು ಅಷ್ಟು ದಪ್ಪಗೆ ಪ್ರಿಂಟ್ ಮಾಡಿಸಬೇಕು. ಲೇಪನ ಮಾಡುವವರೂ ವಿನ್ಯಾಸ ಮಾಡುವವರೂ ಪರಸ್ಪರ ಮಾತನಾಡದ ಕಡೆ ಈ ಲೆಕ್ಕ ಯಾವಾಗಲೂ ತಪ್ಪಿಹೋಗುತ್ತದೆ.

ಹೈಡ್ರೋಫ್ಲೋರಿಕ್ ಆಮ್ಲದ ಜೊತೆ ಧೈರ್ಯ ತೋರಿಸಬಾರದು. ಗಾಜಿನ ಪಾತ್ರೆ ಬೇಡ, ಅದು ಗಾಜನ್ನೇ ತಿನ್ನುತ್ತದೆ. ಪಾಲಿಪ್ರೊಪಿಲೀನ್ ಅಥವಾ ಟೆಫ್ಲಾನ್ ಪಾತ್ರೆ, ಮುಖಕ್ಕೆ ಪೂರ್ತಿ ಕವಚ, ಕೈಗೆಟಕುವಲ್ಲಿ ಕ್ಯಾಲ್ಸಿಯಂ ಗ್ಲೂಕೊನೇಟ್ ಜೆಲ್ ಇರಲೇಬೇಕು. ಚರ್ಮಕ್ಕೆ ತಾಗಿದರೆ ನೋವು ಕೆಲವೊಮ್ಮೆ ಗಂಟೆಗಳ ನಂತರ ಶುರುವಾಗುತ್ತದೆ, ಅಷ್ಟರಲ್ಲಿ ಅದು ಒಳಗಿಳಿದಿರುತ್ತದೆ. ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಕೆಲಸವಾದ ಮೇಲೆ ಜಾಲರಿಯೊಳಗೆ ಉಳಿದ ಆಮ್ಲ ಬರೀ ಅದ್ದಿ ತೆಗೆದರೆ ಹೋಗದು. ನೀರನ್ನು ತುಂಡಿನ ಮೂಲಕ ಹರಿಸಿ, ಹೊರಬರುವ ನೀರಿನ ವಿದ್ಯುತ್ ವಾಹಕತೆ ಒಳಹೋಗುವ ನೀರಿನಷ್ಟೇ ಆಗುವವರೆಗೆ ತೊಳೆಯಿರಿ. ಉಳಿದ ಫ್ಲೋರೈಡ್ ಮುಂದೆ ಆಮ್ಲೀಯ ವಾತಾವರಣದಲ್ಲಿ ಟೈಟಾನಿಯಂನ ರಕ್ಷಕ ಆಕ್ಸೈಡ್ ಪದರವನ್ನೇ ಕೊರೆಯುತ್ತದೆ. ಪಿಎಲ್‌ಜಿಎ ಕರಗುತ್ತಾ ಹುಟ್ಟಿಸುವುದು ಅಂಥ ಆಮ್ಲೀಯ ವಾತಾವರಣವನ್ನೇ.

ಲೋಹಕ್ಕೂ ಪಾಲಿಮರ್‌ಗೂ ನಡುವಿನ ಪದರ

ಪಾಲಿಮರ್ ಗಟ್ಟಿಯಾಗಿ ಅಂಟಬೇಕಾದರೆ ಲೋಹದ ಮೈಯನ್ನು ಮೊದಲು ಸಿದ್ಧಪಡಿಸಬೇಕು. ಆಕ್ಸಿಜನ್ ಪ್ಲಾಸ್ಮಾ ಗಟ್ಟಿ ಮೇಲ್ಮೈಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಜಾಲರಿಯ ಒಳಗಿಳಿದಂತೆ ಅದರ ಪ್ರಭಾವ ಕ್ಷೀಣಿಸುತ್ತದೆ. ಯುವಿ-ಓಝೋನ್ ವಿಧಾನಕ್ಕೂ ಬೆಳಕು ನೇರವಾಗಿ ಬೀಳಬೇಕು. ಸಿಲೇನ್ (ಸಿಲಿಕಾನ್ ಆಧಾರಿತ ಅಂಟು ರಾಸಾಯನಿಕ) ಪದರಗಳು ಟೈಟಾನಿಯಂ ಮೇಲೆ ಚೆನ್ನಾಗಿ ಕೂರುತ್ತವೆ, ಆದರೆ ದೇಹದ್ರವದಲ್ಲಿ ನಿಧಾನಕ್ಕೆ ಜಲವಿಭಜನೆಯಾಗಿ ಬಿಟ್ಟುಬರುತ್ತವೆ. ಫಾಸ್ಫೋನಿಕ್ ಆಮ್ಲದ ಬಂಧ ಅದಕ್ಕಿಂತ ಗಟ್ಟಿ. ಜಾಲರಿಗೆ ನನ್ನ ಆಯ್ಕೆ ಮಾತ್ರ ಪಾಲಿಡೋಪಮೈನ್, ಅಂದರೆ ಡೋಪಮೈನ್ ತಾನೇ ಬೆಸೆದುಕೊಂಡು ಆಗುವ ಅಂಟು ಪದರ. ನೀರಿನಲ್ಲೇ ನಡೆಯುವ ಕೆಲಸ, ದ್ರವ ತಲುಪಿದಲ್ಲೆಲ್ಲ ಪದರ ಕೂರುತ್ತದೆ.

ವಿಧಾನ 2007ರಲ್ಲಿ ಪ್ರಕಟವಾದದ್ದು, ಇಂದಿಗೂ ಹೆಚ್ಚು ಬದಲಾಗಿಲ್ಲ. 100 ಮಿ.ಲೀ. ನೀರಿಗೆ 121 ಮಿ.ಗ್ರಾಂ ಟ್ರಿಸ್ (ಪಿಎಚ್ ಸ್ಥಿರವಾಗಿಡುವ ಬಫರ್; 10 ಮಿಲಿಮೋಲಾರ್), ಹೈಡ್ರೋಕ್ಲೋರಿಕ್ ಆಮ್ಲದಿಂದ ಪಿಎಚ್ 8.5ಕ್ಕೆ ತಂದು, 200 ಮಿ.ಗ್ರಾಂ ಡೋಪಮೈನ್ ಹೈಡ್ರೋಕ್ಲೋರೈಡ್ ಹಾಕಿ ತಕ್ಷಣ ತುಂಡನ್ನು ಮುಳುಗಿಸಬೇಕು. ದ್ರಾವಣ ಗುಲಾಬಿ ಬಣ್ಣಕ್ಕೆ, ಆಮೇಲೆ ಕಂದು, ಕಪ್ಪಿಗೆ ತಿರುಗುತ್ತದೆ. 24 ಗಂಟೆಗೆ ಸುಮಾರು 50 ನ್ಯಾನೋಮೀಟರ್ ಪದರ. ಎಡವುವುದು ಮೂರು ಕಡೆ. ಡೋಪಮೈನ್‌ನ ಪ್ರಮಾಣ ಟ್ರಿಸ್‌ಗೆ ಹೆಚ್ಚುಕಡಿಮೆ ಸಮವಾಗಿರುವುದರಿಂದ ಬಫರ್ ಸೋತು ಪಿಎಚ್ ಇಳಿಯುತ್ತದೆ, ನಡುವೆ ಅಳೆದು ಸರಿಪಡಿಸಬೇಕು. ಕ್ರಿಯೆಗೆ ಆಕ್ಸಿಜನ್ ಬೇಕು, ಮುಚ್ಚಿದ ಶೀಶೆಯಲ್ಲಿ ಅಲುಗಾಡಿಸದೆ ಇಟ್ಟರೆ ಹೊರಗಿನ ಕಡ್ಡಿ ಕಂದಾಗಿ ಒಳಗಿನದು ಬೂದಾಗಿಯೇ ಉಳಿಯುತ್ತದೆ. ಇನ್ನು ದ್ರಾವಣದಲ್ಲೇ ಹುಟ್ಟುವ ಕಪ್ಪು ಕಣಗಳು ಮೇಲ್ಮುಖಗಳ ಮೇಲೆ ಮಡ್ಡಿಯಂತೆ ಕೂರುತ್ತವೆ. ತುಂಡನ್ನು ತೂಗುಹಾಕಿ, ನಡುವೆ ತಿರುಗಿಸಿ, ಕೊನೆಗೆ ನೀರಿನಲ್ಲಿ ಐದು ನಿಮಿಷ ಅಲ್ಟ್ರಾಸಾನಿಕ್ ಕೊಡಿ. ಆಗ ಬಿಡುವುದೆಲ್ಲ ಬಿಡಲಿ, ಅದು ಹೇಗೂ ನಿಲ್ಲುವಂಥದ್ದಲ್ಲ.

ರಂಧ್ರದೊಳಗಿನ ದ್ರವ

ಇಡೀ ಕೆಲಸದ ಕಷ್ಟ ಇರುವುದು ಇಲ್ಲಿ. ಪಿಎಲ್‌ಜಿಎಯನ್ನು ಈಥೈಲ್ ಅಸಿಟೇಟ್‌ನಲ್ಲಿ ಕರಗಿಸಿ, ತುಂಡನ್ನು ಅದ್ದಿ, ನಿಧಾನಕ್ಕೆ ಮೇಲೆತ್ತುವುದು ರೂಢಿ. ಗಟ್ಟಿ ರಾಡ್ ಆಗಿದ್ದರೆ ಎತ್ತುವ ವೇಗ ಮತ್ತು ದ್ರಾವಣದ ಸ್ನಿಗ್ಧತೆ ಸೇರಿ ಪದರದ ದಪ್ಪ ನಿರ್ಧಾರವಾಗುತ್ತದೆ, ಹೆಚ್ಚಿನ ದ್ರವ ಜಾರಿ ಇಳಿಯುತ್ತದೆ. ಜಾಲರಿಯಿಂದ ದ್ರವ ಇಳಿಯುವುದೇ ಇಲ್ಲ. ಈಥೈಲ್ ಅಸಿಟೇಟ್‌ನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 24 ಮಿಲಿನ್ಯೂಟನ್, ಸಾಂದ್ರತೆ ಮಿ.ಲೀ.ಗೆ 0.9 ಗ್ರಾಂ. ಅರ್ಧ ಮಿಲಿಮೀಟರ್ ಅಗಲದ ರಂಧ್ರದಲ್ಲಿ ಅದು ಗುರುತ್ವಕ್ಕೆ ವಿರುದ್ಧವಾಗಿ ಸುಮಾರು 22 ಮಿ.ಮೀ. ಎತ್ತರದ ದ್ರವವನ್ನು ಹಿಡಿದಿಡಬಲ್ಲದು. ನಮ್ಮ ತುಂಡಿನ ಎತ್ತರವೇ 10 ಮಿ.ಮೀ. ಎಷ್ಟು ಹೊತ್ತು ತೂಗುಹಾಕಿದರೂ ಒಂದೆರಡು ಹನಿ ಬಿದ್ದು ನಿಲ್ಲುತ್ತದೆ.

ಆಮೇಲೆ ಆಗುವುದನ್ನು ಲೆಕ್ಕ ಹಾಕಿ. 2 ಶೇಕಡಾ ದ್ರಾವಣ 0.65 ಮಿ.ಲೀ. ಒಳಗುಳಿದರೆ ಅದರಲ್ಲಿ 13 ಮಿ.ಗ್ರಾಂ ಪಾಲಿಮರ್. 35 ಚದರ ಸೆಂ.ಮೀ.ಗೆ ಸಮವಾಗಿ ಹರಡಿದರೆ 3 ಮೈಕ್ರಾನ್ ಪದರ; ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ ದ್ರಾವಕ ಆವಿಯಾಗುತ್ತಾ ಹೋದಂತೆ ಉಳಿದ ದ್ರವ ಕಡ್ಡಿಗಳು ಕೂಡುವ ಗಂಟುಗಳಿಗೆ ಸರಿಯುತ್ತದೆ, ಪಾಲಿಮರನ್ನೂ ಅಲ್ಲಿಗೇ ಎಳೆದೊಯ್ಯುತ್ತದೆ. ಕೊನೆಗೆ ಗಂಟುಗಳಲ್ಲಿ ಹತ್ತಾರು ಮೈಕ್ರಾನ್ ಗುಡ್ಡೆ, ಕಡ್ಡಿಯ ನಡುವೆ ಬರೀ ಲೋಹ, ಹೊರಸಾಲಿನ ರಂಧ್ರಗಳಿಗೆ ಕಿಟಕಿ ಗಾಜಿನಂತೆ ಪೊರೆ. ಒಟ್ಟು ತೂಕ ಮಾತ್ರ ಸರಿಯಾಗಿಯೇ ಬರುತ್ತದೆ. ತೂಕ ನೋಡಿ ಲೇಪನ ಸರಿಯಿದೆ ಎಂದು ತೀರ್ಮಾನಿಸುವವರನ್ನು ದಾರಿ ತಪ್ಪಿಸುವುದು ಇದೇ.

ಪರಿಹಾರ ಸೆಂಟ್ರಿಫ್ಯೂಜ್. ತಿರುಗುವ ತ್ರಿಜ್ಯ 10 ಸೆಂ.ಮೀ. ಇದ್ದರೆ ನಿಮಿಷಕ್ಕೆ 950 ಸುತ್ತಿನಲ್ಲಿ ಗುರುತ್ವದ ನೂರು ಪಟ್ಟು ಬಲ ಸಿಗುತ್ತದೆ. ಆಗ ರಂಧ್ರ ಹಿಡಿದಿಡಬಲ್ಲ ದ್ರವದ ಎತ್ತರ 22 ಮಿ.ಮೀ.ನಿಂದ 0.2 ಮಿ.ಮೀ.ಗೆ ಇಳಿಯುತ್ತದೆ, ಅಂದರೆ ರಂಧ್ರದ ಅಗಲಕ್ಕಿಂತ ಕಡಿಮೆ. ರಂಧ್ರ ಖಾಲಿಯಾಗಿ ಕಡ್ಡಿಯ ಮೇಲೆ ತೆಳುಪದರ ಮಾತ್ರ ಉಳಿಯುತ್ತದೆ. ಜರಡಿ ತಳದ ಬುಟ್ಟಿಯಲ್ಲಿ 30 ಸೆಕೆಂಡ್ ಸಾಕು, ಆದರೆ ದ್ರಾವಣದಿಂದ ತೆಗೆದ ಹತ್ತಿಪ್ಪತ್ತು ಸೆಕೆಂಡಿನೊಳಗೆ ತಿರುಗಿಸಬೇಕು. ತಡವಾದರೆ ದ್ರವ ಗಟ್ಟಿಯಾಗಿ ಬಲಕ್ಕೆ ಮಣಿಯುವುದಿಲ್ಲ. ಒಂದು ಎಚ್ಚರಿಕೆ: ಈಥೈಲ್ ಅಸಿಟೇಟ್‌ನ ಆವಿ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಸಾಮಾನ್ಯ ಸೆಂಟ್ರಿಫ್ಯೂಜ್‌ನ ಮೋಟಾರು ಕಿಡಿ ಹಾರಿಸಬಹುದು. ಸ್ಫೋಟನಿರೋಧಕ ಯಂತ್ರ ಅಥವಾ ಸಾರಜನಕ ಹಾಯಿಸುವ ವ್ಯವಸ್ಥೆ ಇಲ್ಲದೆ ಈ ಹಂತಕ್ಕೆ ಹೋಗಲೇಬಾರದು.

ತಿರುಗಿಸಿದರೆ ದ್ರಾವಣ ಕಡಿಮೆ ಉಳಿಯುವುದರಿಂದ ಅದರಲ್ಲಿನ ಪಾಲಿಮರ್ ಪ್ರಮಾಣವನ್ನು ಏರಿಸಬಹುದು. 0.1 ಮಿ.ಲೀ. ಉಳಿಯಿತು ಎನ್ನಿ. 2 ಶೇಕಡಾ ದ್ರಾವಣದಲ್ಲಿ ಅದು ಅರ್ಧ ಮೈಕ್ರಾನ್ ಕೂಡ ಆಗದು. 5 ಶೇಕಡಾ ಇದ್ದರೆ 5 ಮಿ.ಗ್ರಾಂ, ಒಂದು ಮೈಕ್ರಾನ್‌ಗಿಂತ ತುಸು ಹೆಚ್ಚು, ಮೂರು ಸಲ ಅದ್ದಿದರೆ 3 ಮೈಕ್ರಾನ್ ದಾಟುತ್ತದೆ. ಪ್ರತಿ ಅದ್ದುವಿಕೆ ಹಿಂದಿನ ಪದರವನ್ನು ಒಂದಿಷ್ಟು ಕರಗಿಸುತ್ತದೆ, ಆದ್ದರಿಂದ ಎರಡನೆಯದರಿಂದ ಮುಂದಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಮುಳುಗಿಸಬೇಡಿ, ನಡುವೆ ಅರ್ಧ ಗಂಟೆ ಒಣಗಲು ಬಿಡಿ.

ಮೊದಲ ಸಲ ಅದ್ದುವಾಗ ಒಳಗೆ ಗಾಳಿ ಸಿಕ್ಕಿಬೀಳುತ್ತದೆ. ನಿರ್ವಾತ ಹಾಕಿ ಎಳೆಯಲು ಹೋದರೆ ದ್ರಾವಕವೇ ಕುದಿಯುತ್ತದೆ: 20 ಡಿಗ್ರಿಯಲ್ಲಿ ಈಥೈಲ್ ಅಸಿಟೇಟ್‌ನ ಆವಿಯೊತ್ತಡ ಸುಮಾರು 100 ಮಿಲಿಬಾರ್, ಡೈಕ್ಲೋರೋಮೀಥೇನ್‌ನದು ಅದರ ನಾಲ್ಕೈದು ಪಟ್ಟು. 150 ಮಿಲಿಬಾರ್‌ಗಿಂತ ಕೆಳಗಿಳಿಯದೆ ಎರಡು ಮೂರು ಸಲ ಎಳೆದು ಬಿಟ್ಟರೆ ಸಾಕು. ತುಂಡನ್ನು ಓರೆಯಾಗಿ ಹಿಡಿದು ನಿಧಾನಕ್ಕೆ ಇಳಿಸುವುದೂ ನೆರವಾಗುತ್ತದೆ.

ಔಷಧದ ವಿಷಯದಲ್ಲಿ ಒಂದು ಮಾತು. ರಿಫಾಂಪಿಸಿನ್ ಈಥೈಲ್ ಅಸಿಟೇಟ್‌ನಲ್ಲಿ ಕರಗುತ್ತದೆ, ಪದರದ ಉದ್ದಗಲಕ್ಕೂ ಹರಡುತ್ತದೆ. ಜೆಂಟಾಮೈಸಿನ್ ಸಲ್ಫೇಟ್ ಕರಗುವುದಿಲ್ಲ, ಪುಡಿಯಾಗಿ ತೇಲುತ್ತದೆ. ಆ ಪುಡಿ 10 ಮೈಕ್ರಾನ್ ಇದ್ದು ಪದರ 3 ಮೈಕ್ರಾನ್ ಇದ್ದರೆ ಕಣಗಳು ಪದರದಿಂದ ತಲೆ ಹೊರಹಾಕಿಕೊಂಡಿರುತ್ತವೆ. ದ್ರವ ತಾಗಿದ ಮೊದಲ ಕೆಲವೇ ಗಂಟೆಗಳಲ್ಲಿ ಔಷಧದ ಬಹುಪಾಲು ಹೊರಟುಹೋಗುತ್ತದೆ. ಕಣವನ್ನು ಪದರದ ದಪ್ಪಕ್ಕಿಂತ ಚಿಕ್ಕದಾಗಿ ಅರೆಯಬೇಕು, ಅದ್ದುವವರೆಗೂ ಕಲಕುತ್ತಿರಬೇಕು. ದ್ರಾವಣವನ್ನು ಸೋಸುವುದು ಔಷಧ ಹಾಕುವ ಮುಂಚೆ, ನಂತರವಲ್ಲ.

ಒಣಗಿಸುವುದು, ನೋಡುವುದು

ಗಾಳಿಯ ತೇವಾಂಶ 40 ಶೇಕಡಾ ಮೀರಿದರೆ ಅದ್ದಬೇಡಿ. ದ್ರಾವಕ ಬೇಗ ಆವಿಯಾಗಿ ಮೈ ತಣ್ಣಗಾಗುತ್ತದೆ, ಅದರ ಮೇಲೆ ನೀರು ಸಾಂದ್ರಗೊಂಡು ಪದರ ಬೆಳ್ಳಗೆ, ಸಣ್ಣ ತೂತುಗಳಿಂದ ತುಂಬಿ ಒಣಗುತ್ತದೆ. ಡೈಕ್ಲೋರೋಮೀಥೇನ್ ಮತ್ತು ಕ್ಲೋರೋಫಾರ್ಮ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಔಷಧಗಳಿಗಾಗಿ ರೂಪಿಸಿದ ಐಸಿಎಚ್ ಕ್ಯು3ಸಿ ಮಾರ್ಗಸೂಚಿಯ ಪ್ರಕಾರ ಉಳಿಕೆಯ ಮಿತಿ ಕ್ಲೋರೋಫಾರ್ಮ್‌ಗೆ 60 ಪಿಪಿಎಂ, ಡೈಕ್ಲೋರೋಮೀಥೇನ್‌ಗೆ 600, ಈಥೈಲ್ ಅಸಿಟೇಟ್‌ಗೆ 5000. ನಾನು ಈಥೈಲ್ ಅಸಿಟೇಟ್‌ಗೆ ಅಂಟಿಕೊಂಡಿರುವುದಕ್ಕೆ ಈ ಅಂತರವೇ ಸಾಕಷ್ಟು ಕಾರಣ.

ಅವಸರದಿಂದ ಓವನ್ ಬಿಸಿ ಏರಿಸಬೇಡಿ. ಒಣ ಪಿಎಲ್‌ಜಿಎ ಮೆತ್ತಗಾಗುವುದು 45ರಿಂದ 55 ಡಿಗ್ರಿಯಲ್ಲಿ, ಆದರೆ ದ್ರಾವಕ ಉಳಿದಿರುವಾಗ ಅದಕ್ಕಿಂತ ಬಹಳ ಮುಂಚೆಯೇ ಹರಿದು ಮತ್ತೆ ಗಂಟುಗಳಿಗೆ ಸೇರುತ್ತದೆ. ಮೊದಲ ದಿನ ಕೋಣೆಯ ಉಷ್ಣತೆಯಲ್ಲೇ ನಿರ್ವಾತ, ಆಮೇಲೆ 35ರಿಂದ 40 ಡಿಗ್ರಿಯಲ್ಲಿ ಎರಡು ದಿನ. ತೂಕ 0.1 ಮಿ.ಗ್ರಾಂ ಒಳಗೆ ಸ್ಥಿರವಾಗುವವರೆಗೂ ಮುಂದುವರಿಸಿ.

ಪೊರೆ ಇದೆಯೇ ಎಂದು ತಿಳಿಯಲು ದುಬಾರಿ ಯಂತ್ರ ಬೇಡ. ಸ್ಟೀರಿಯೊ ಸೂಕ್ಷ್ಮದರ್ಶಕದಲ್ಲಿ ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿದರೆ ತೆಳು ಪೊರೆಗಳು ಕಾಮನಬಿಲ್ಲಿನ ಬಣ್ಣ ತೋರುತ್ತವೆ. ಕಂಡರೆ ಸೂಜಿಯಿಂದ ಚುಚ್ಚಿ ಸರಿಪಡಿಸಲು ಹೋಗಬೇಡಿ, ಹರಿದ ಚೂರುಗಳು ಅಲ್ಲೇ ನೇತಾಡುತ್ತವೆ. ಹೊಸ ದ್ರಾವಕದಲ್ಲಿ ಪೂರ್ತಿ ಕರಗಿಸಿ ತೆಗೆದು ಮತ್ತೆ ಲೇಪಿಸಿ. ಮೈಕ್ರೋ-ಸಿಟಿ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ, ಟೈಟಾನಿಯಂನ ಪಕ್ಕ ಕೆಲವು ಮೈಕ್ರಾನ್ ಪಾಲಿಮರ್ ಕಾಣುವುದೇ ಇಲ್ಲ. ಒಂದು ತುಂಡನ್ನು ಬಲಿಕೊಟ್ಟು ಅಡ್ಡ ಕೊಯ್ದು ನೋಡುವುದೇ ಖಚಿತ ದಾರಿ. ಕೊಯ್ಯುವ ಮುಂಚೆ ತುಂಡನ್ನು ರಾಳದಲ್ಲಿ ಹುದುಗಿಸಲು ಮೀಥೈಲ್ ಮೆಥಾಕ್ರಿಲೇಟ್ ಬಳಸಿದರೆ ಅದರ ಮೊನೊಮರ್ ಪಿಎಲ್‌ಜಿಎಯನ್ನೇ ಕರಗಿಸಿಬಿಡುತ್ತದೆ. ಹೆಚ್ಚು ಬಿಸಿಯಾಗದೆ ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಬಳಸಿ.

ಅಂಟು ಪರೀಕ್ಷೆಗೆ ಅದೇ ಬಿಲ್ಡ್‌ನಲ್ಲಿ, ಅದೇ ಕೋನದಲ್ಲಿ ಪ್ರಿಂಟ್ ಮಾಡಿದ ಚಪ್ಪಟೆ ತುಂಡುಗಳು ಬೇಕು. ಎಎಸ್‌ಟಿಎಂ ಡಿ3359 ಎಂಬ ಪರೀಕ್ಷಾ ಮಾನದಂಡದ ಪ್ರಕಾರ ಗೆರೆ ಕೊಯ್ದು ಟೇಪ್ ಎಳೆಯುವ ಪರೀಕ್ಷೆ ಸುಲಭ. ಒಣಗಿದ್ದಾಗ ಎಲ್ಲವೂ ಪಾಸಾಗುತ್ತದೆ, ಅದರಿಂದ ಏನೂ ತಿಳಿಯದು. 37 ಡಿಗ್ರಿ ಫಾಸ್ಫೇಟ್ ಸಲೈನ್‌ನಲ್ಲಿ ಒಂದು ದಿನ, ಮತ್ತೊಂದಿಷ್ಟು ತುಂಡುಗಳನ್ನು ಒಂದು ವಾರ ಇಟ್ಟು ಆಮೇಲೆ ಎಳೆಯಿರಿ. ನೀರು ಹೀರಿದ ಪಿಎಲ್‌ಜಿಎ ಮೆತ್ತಗಾಗುವ ಉಷ್ಣತೆ 10ರಿಂದ 15 ಡಿಗ್ರಿ ಇಳಿದು ದೇಹದ ಉಷ್ಣತೆಯ ಆಸುಪಾಸಿಗೆ ಬರುತ್ತದೆ. ನಿಜವಾದ ಅಂಟು ಗೊತ್ತಾಗುವುದು ಆಗ. ಬಡಿದು ಕೂರಿಸುವ ಇಂಪ್ಲಾಂಟ್ ಆದರೆ ಎಎಸ್‌ಟಿಎಂ ಎಫ್1839ರ ಪಾಲಿಯುರಿಥೇನ್ ಫೋಮ್‌ಗೆ ಬಡಿದು, ಹೊರತೆಗೆದು, ಅಂಚುಗಳನ್ನು ನೋಡಿ.

ಪಾಲಿಮರ್ ಯಾವುದು

ಇಷ್ಟು ಆದಮೇಲೆ ಈ ಪ್ರಶ್ನೆಗೆ ಬರಬಹುದು. 50:50 ಪಿಎಲ್‌ಜಿಎ (ಲ್ಯಾಕ್ಟಿಕ್, ಗ್ಲೈಕಾಲಿಕ್ ಅಂಶಗಳ ಅನುಪಾತ) ಒಂದೆರಡು ತಿಂಗಳಲ್ಲಿ ಕರಗುತ್ತದೆ, 85:15 ಐದಾರು ತಿಂಗಳು ತೆಗೆದುಕೊಳ್ಳುತ್ತದೆ, ಪಿಸಿಎಲ್ (ಪಾಲಿಕ್ಯಾಪ್ರೊಲ್ಯಾಕ್ಟೋನ್) ಎರಡು ವರ್ಷ ದಾಟುತ್ತದೆ. ಕರಗುವಾಗ ಹುಟ್ಟುವ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲ ತೆಳು ಪದರದಿಂದ ಬೇಗ ಹೊರಹೋಗುತ್ತದೆ. ಗಂಟುಗಳ ಗುಡ್ಡೆಯಲ್ಲಿ ಒಳಗೇ ಸಿಕ್ಕಿಬಿದ್ದು ಕರಗುವಿಕೆಯನ್ನು ಇನ್ನಷ್ಟು ವೇಗಗೊಳಿಸುತ್ತದೆ, ಸುತ್ತಲಿನ ಮೂಳೆಗೂ ಆಮ್ಲ ಒಮ್ಮೆಲೇ ತಾಗುತ್ತದೆ. ಸಮ ಪದರಕ್ಕಾಗಿ ಇಷ್ಟು ಹೆಣಗುವುದಕ್ಕೆ ಇದೂ ಕಾರಣ.

ಇಡೀ ಜಾಲರಿಗೆ ಲೇಪನ ಬೇಕೇ ಎಂದೂ ಕೇಳಿಕೊಳ್ಳಿ. ಸೋಂಕು ತಡೆಯುವುದೊಂದೇ ಗುರಿಯಾದರೆ ಹೊರಗಿನ ಎರಡು ಮೂರು ಸಾಲು ರಂಧ್ರಗಳಿಗೆ ಅಲ್ಟ್ರಾಸಾನಿಕ್ ಸ್ಪ್ರೇ ಸಾಕಾಗಬಹುದು, ಒಳಗಿನ ಬರಿಯ ಟೈಟಾನಿಯಂ ಮೂಳೆಗೆ ಉಳಿಯಲಿ. ಸಿಗಡಿ, ಏಡಿಗಳ ಚಿಪ್ಪಿನಿಂದ ಸಿಗುವ ಕೈಟೋಸಾನ್‌ನ ವಿದ್ಯುತ್ ಲೇಪನ (1 ಶೇಕಡಾ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಇಂಪ್ಲಾಂಟನ್ನು ಕ್ಯಾಥೋಡ್ ಮಾಡಿ 10ರಿಂದ 30 ವೋಲ್ಟ್) ಸ್ಕ್ರೂ, ಪ್ಲೇಟ್‌ಗಳಿಗೆ ಚೆನ್ನಾಗಿದೆ. ಜಾಲರಿಯೊಳಗೆ ವಿದ್ಯುತ್ ಕ್ಷೇತ್ರ ನುಗ್ಗುವುದಿಲ್ಲ, ಹೈಡ್ರೋಜನ್ ಗುಳ್ಳೆಗಳು ರಂಧ್ರಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಕರಗದ ತೆಳು ಕವಚ ಬೇಕೆಂದರೆ ಪ್ಯಾರಿಲೀನ್ ಉತ್ತಮ. ಅದು ಆವಿಯಾಗಿ ಬಂದು ಕೂರುವುದರಿಂದ ದ್ರವದ ತಕರಾರೇ ಇಲ್ಲ, ಔಷಧ ಹೊರುವ ಕೆಲಸಕ್ಕೆ ಮಾತ್ರ ಅಲ್ಲ.

ಕ್ರಿಮಿಶುದ್ಧಿಯ ವಿಧಾನವನ್ನು ಪಾಲಿಮರ್ ಆಯ್ಕೆಯ ದಿನವೇ ನಿರ್ಧರಿಸಿ. 121 ಡಿಗ್ರಿ ಹಬೆ ಪಿಎಲ್‌ಜಿಎಯನ್ನು ಕರಗಿಸಿ ಹರಿಸುತ್ತದೆ. 25 ಕಿಲೊಗ್ರೇ ಗಾಮಾ ಕಿರಣ ಸರಪಳಿಗಳನ್ನು ತುಂಡರಿಸುತ್ತದೆ, ಆದ್ದರಿಂದ ಔಷಧ ಬಿಡುಗಡೆಯ ಪರೀಕ್ಷೆಯನ್ನು ಕಿರಣಕ್ಕೆ ಒಡ್ಡಿದ ತುಂಡುಗಳ ಮೇಲೆಯೇ ಮಾಡಬೇಕು. ಎಥಿಲೀನ್ ಆಕ್ಸೈಡ್ ಬಳಸಿದರೆ 55 ಡಿಗ್ರಿಯ ಸಾಮಾನ್ಯ ಸೈಕಲ್ ಬೇಡ, 37 ಡಿಗ್ರಿ ಸುತ್ತಲಿನದನ್ನು ಕೇಳಿ. ಅನಿಲದ ಉಳಿಕೆಯನ್ನು ಐಎಸ್‌ಒ 10993-7 ಪ್ರಕಾರ ಅಳೆಯಿಸಿ, ಪಾಲಿಮರ್ ಅದನ್ನು ಲೋಹಕ್ಕಿಂತ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ತೇವ ಹೀರುವ ಪೊಟ್ಟಣದೊಂದಿಗೆ ಅಲ್ಯೂಮಿನಿಯಂ ಚೀಲದಲ್ಲಿ ಸೀಲ್ ಮಾಡಿ 2ರಿಂದ 8 ಡಿಗ್ರಿಯಲ್ಲಿ ಇಡಿ. ಹೊರತೆಗೆದಾಗ ಚೀಲ ಕೋಣೆಯ ಉಷ್ಣತೆಗೆ ಬರುವವರೆಗೂ ಬಿಚ್ಚಬೇಡಿ, ತಣ್ಣಗಿನ ಲೇಪನದ ಮೇಲೆ ನೀರು ಕೂರುತ್ತದೆ.